ಹೊತ್ತು ಮುಳುಗಿದ ಮೇಲಿನ ಹೊಗೆ

ಕಬಿನಿಯ ದಡದಲ್ಲಿ, ಗಡಿಯ ಆಚೆಗಿರುವ ಕೊಳವಳ್ಳಿಯಲ್ಲಿ ಕೇಳಿದ ಈ ಕಥೆಯನ್ನು ಕೇಣಿಚಿರದಲ್ಲಿ ಹೇಳಿದರೆ ಅಲ್ಲಿನವರು ಅರ್ಧಕ್ಕೇ ತಡೆದು ತಿದ್ದುತ್ತಾರೆ. ಅವರು ತಿದ್ದಿದ್ದನ್ನು ಬಾವಲಿಯಲ್ಲಿ ಹೇಳಿದರೆ, ಅಲ್ಲಿನ ನಿಂಗಮ್ಮ ಬಾಯಿಯ ಎಲೆಯಡಿಕೆ ಉಗಿದು ಬಂದು ಮೊದಲಿನಿಂದ ಶುರುಮಾಡುತ್ತಾಳೆ. ಹೀಗೆ ನನ್ನಲ್ಲಿ ಮೂರು ಪಾಠಗಳು ಸೇರಿವೆ. ಎಮ್ಮೆಯ ವಯಸ್ಸು, ಜೀಪು ಹೂತ ಜಾಗ, ಸಬ್ ಇನ್ಸ್‌ಪೆಕ್ಟರರ ಮೀಸೆಯ ಉದ್ದ ಇವುಗಳ ವಿಷಯದಲ್ಲಿ ಮೂರೂ ಪಾಠಗಳು ಜಗಳವಾಡುತ್ತವೆ. ಕಥೆಯ ಕೊನೆಯ ಮಾತಿನಲ್ಲಿ ಮಾತ್ರ ಅವುಗಳಿಗೆ ಭೇದವಿಲ್ಲ. ಅಷ್ಟು ಒಮ್ಮತವಿರುವ ಕಡೆ ಸಂಗ್ರಹಕಾರನಾದವನು ತಲೆಬಾಗಿ ಬರೆದುಕೊಳ್ಳುವುದೇ ಮರ್ಯಾದೆ.

ಪುಲ್ಪಳ್ಳಿಯಲ್ಲಿ ನಕ್ಸಲರು ಪೊಲೀಸರ ಮೇಲೆ ಎರಗಿದ ಗಲಾಟೆ ನಡೆದು, ಕಾಡಿನ ತುಂಬ ನಕ್ಸಲರಿದ್ದಾರೆಂದು ಊರಿನವರೂ, ಊರಿನ ತುಂಬ ನಕ್ಸಲರಿದ್ದಾರೆಂದು ಪೊಲೀಸರೂ ನಂಬಿಕೊಂಡಿದ್ದ ವರ್ಷಗಳವು. ನಕ್ಸಲರ ಗುರುಮನೆಯಾದ ಚೀನಾದ ಹೆಸರನ್ನು ಜಮೀನುದಾರರು ಮಕ್ಕಳ ಮುಂದೆ ಎತ್ತುತ್ತಿರಲಿಲ್ಲ. ಗುಡಿಸಲಿನ ಅಡಿಯ ನೆಲ ಗುಡಿಸಲಿನವನಿಗೇ ಸೇರಬೇಕೆಂಬ ಹೊಸ ಕಾನೂನಿನ ಸುದ್ದಿಯೂ ಆಗಷ್ಟೇ ಘಾಟಿ ಹತ್ತಿ ಬಂದಿತ್ತು.

ಕೊಳವಳ್ಳಿಯ ಅಜಿತಪ್ರಸಾದ ಗೌಡರು ತಲೆಮಾರುಗಳಿಂದ ಅಲ್ಲಿ ನೆಲೆಸಿದ ಜೈನ ಮನೆತನದವರು. ಗದ್ದೆ, ಸ್ವಲ್ಪ ಕಾಫಿ, ಒಂದು ಎಮ್ಮೆ, ವಿಶಾಲವಾದ ಹೊಟ್ಟೆ ಅವರ ಆಸ್ತಿ. ಇರುವೆಗೂ ದಾರಿ ಬಿಟ್ಟು ನಡೆಯುವ ಈ ಗೃಹಸ್ಥರು ಎರಡು ನಿಯಮಗಳನ್ನು ಎಂದೂ ತಪ್ಪಿದವರಲ್ಲ. ಹೊತ್ತು ಮುಳುಗುವ ಮೊದಲು ಉಣ್ಣಬೇಕು; ತಟ್ಟೆಗೆ ಕೈಯಿಟ್ಟ ಮೇಲೆ ಉಂಡು ಏಳುವ ತನಕ ಒಂದು ಮಾತೂ ಆಡಬಾರದು. ಉಳಿದ ಹೊತ್ತಿನಲ್ಲಿ ಅವರು ಆಡುತ್ತಿದ್ದ ಮಾತು ಬಹುಮಟ್ಟಿಗೆ ಒಂದೇ: "ನೋಡೋಣ."

ಈ 'ನೋಡೋಣ'ದ ಕೆಳಗೆ ಹೆಚ್ಚು ನಲುಗಿದವನು ಚಾತಿ. ಅವನ ತಂದೆ ಗೌಡರ ತಂದೆಯ ಗದ್ದೆ ಉತ್ತವನು, ಚಾತಿ ಗೌಡರದ್ದನ್ನು ಉಳುವವನು. ಹೊಳೆದಂಡೆಯಲ್ಲಿ ಅವನ ಗುಡಿಸಲು.

"ಗೌಡ್ರೇ, ಗುಡಿಸಲಿನ ಅಡಿಯ ನೆಲ ನಂದು ಅಂತ ಒಂದು ಮಾತು ಹೇಳಿಬಿಡಿ. ಮುದುಕ ಆದೆ."

"ನೋಡೋಣ ಚಾತಿ."

ಇತ್ತ ಕೇಣಿಚಿರದಿಂದ ಗೌಡರ ಹೆಂಡತಿ ಜಿನಮತಮ್ಮನ ಅಣ್ಣ ಜಿನಚಂದ್ರರು ಬಂದಾಗಲೆಲ್ಲ ಇನ್ನೊಂದು ರಾಗ. "ಭಾವಾ, ಕಾನೂನು ಕಾಲಿಡೋ ಮೊದಲು ಆ ಗುಡಿಸಲನ್ನ ಎಬ್ಬಿಸಿಬಿಡಿ. ಗದ್ದೆ ಕೊಯ್ಲು ಮುಗಿದ ಕೂಡಲೇ ನಾನೇ ಆಳು ಕಳಿಸ್ತೀನಿ."

"ನೋಡೋಣ ಭಾವಾ."

ಹೀಗೆ ಚಾತಿಯ ಗುಡಿಸಲು ಒಂದೇ ಪದದ ಮೇಲೆ ನಿಂತಿತ್ತು. ಪದ ಯಾವ ಕಡೆ ವಾಲಿದರೂ ಗುಡಿಸಲೂ ಆ ಕಡೆಗೇ.

ಆ ಮಳೆಗಾಲದಲ್ಲಿ ಗೌಡರ ಹೊಟ್ಟೆ ತುಪ್ಪದ ವಿರುದ್ಧ ದಂಗೆಯೆದ್ದಿತು. ಕಲ್ಲಿಕೋಟೆಯ ಡಾಕ್ಟರು ಹೊಟ್ಟೆಯನ್ನು ನಾಲ್ಕು ಕಡೆಯಿಂದ ತಟ್ಟಿ ನೋಡಿ, ಎಣ್ಣೆ ತುಪ್ಪ ಬಿಟ್ಟು ಬೇಯಿಸಿದ ಸೊಪ್ಪು ತಿನ್ನಿ ಎಂದರು. ದುಃಖದಿಂದ ಲಾಡ್ಜಿಗೆ ಮರಳಿದ ಗೌಡರಿಗೆ ಪಕ್ಕದ ಮಂಚದಲ್ಲಿ ಒಬ್ಬ ಮುದುಕ ಸಿಕ್ಕಿದ. ಹರೆಯವೆಲ್ಲ ಹಡಗಿನಲ್ಲಿ ಅಡುಗೆಯವನಾಗಿ ಸಿಂಗಾಪುರ, ಹಾಂಗ್‌ಕಾಂಗ್, ಜಪಾನು ಸುತ್ತಿದವನು.

"ಗೌಡರೇ, ಆ ಕಡೆಯವರಿಗೆ ಹೊಟ್ಟೆ ಅನ್ನೋದೇ ಇಲ್ಲ. ಬಿದಿರ ಬುಟ್ಟಿಯಲ್ಲಿ ತರಕಾರಿ ಇಟ್ಟು ಆವಿ ತೋರಿಸ್ತಾರೆ. ಮೇಲೆ ಒಂದು ಕರಿ ರಸ. ಅದನ್ನ ಹಾಕಿದಿರೋ, ಬೇರೆ ಉಪ್ಪು ಸೇರಿಸಬೇಡಿ. ಕಡ್ಡಿಯಲ್ಲಿ ಎತ್ತಿ ಎತ್ತಿ ತಿನ್ನಬೇಕು. ಎಂಬತ್ತರ ಮುದುಕ ಗುಡ್ಡ ಹತ್ತುತ್ತಾನೆ!"

ಗೌಡರು ಕೊಳವಳ್ಳಿಗೆ ಮರಳಿದ್ದು ಪೂರ್ವದೇಶಗಳ ಪಾಕಶಾಸ್ತ್ರದ ಪಂಡಿತರಾಗಿ. ಬಸ್ಸಿನಿಂದ ಇಳಿದವರೇ ಎದುರುಮನೆಯ ಅಂಗಡಿಯಲ್ಲಿ ನಿಂತು, "ಇನ್ನು ಮೇಲೆ ನಮ್ಮ ಮನೆಯಲ್ಲಿ ಚೀನಾದ ರೀತಿ ಶುರುವಾಗಲಿದೆ ಶಿವನಂಜಪ್ಪಾ," ಎಂದರು. ಗುಂಡ್ಲುಪೇಟೆ ಕಡೆಯಿಂದ ಬಂದು ಅಂಗಡಿಯಿಟ್ಟಿದ್ದ ಶಿವನಂಜಪ್ಪ ಬೆಲ್ಲ ತೂಗುತ್ತಿದ್ದವನು ತಕ್ಕಡಿಯನ್ನು ಹಾಗೇ ಹಿಡಿದುಕೊಂಡ. ಯಾವ ರೀತಿ ಎಂದು ಕೇಳುವ ಧೈರ್ಯ ಅವನಿಗೂ ಆಗಲಿಲ್ಲ. ಅಡುಗೆಯ ರೀತಿ ಎಂದು ಹೇಳಲು ಗಂಡಸಾದ ಗೌಡರಿಗೂ ನಾಚಿಕೆಯಾಯಿತು.

ಅಡುಗೆಮನೆಯ ಹೊಸಿಲಲ್ಲಿ ಜಿನಮತಮ್ಮ ಸೌಟು ಹಿಡಿದು ನಿಂತಿದ್ದರು.

"ಏನೇನು ಬೇಕಂತೆ?"

"ಬೆಳ್ಳುಳ್ಳಿ."

"ನಮ್ಮ ಮನೇಲಾ?"

"ಈರುಳ್ಳಿ. ಹಸಿಶುಂಠಿ."

"ಮಣ್ಣಿನೊಳಗೆ ಬೆಳೆದದ್ದು ಯಾವುದಾದ್ರೂ ಈ ಹೊಸಿಲು ದಾಟಿದ್ದುಂಟಾ? ಮುಂದೆ ಹೇಳಿ."

"ಅಣಬೆ," ಎಂದರು ಗೌಡರು, ಕಿಟಕಿಯ ಕಡೆ ನೋಡುತ್ತ. ಜಿನಮತಮ್ಮ ಕಿವಿ ಮುಚ್ಚಿಕೊಂಡರು.

"ಮತ್ತೆ ಒಂದು ಕರಿ ರಸ. ತಿಂಗಳುಗಟ್ಟಲೆ ಜಾಡಿಯಲ್ಲಿ ಹುದುಗಿಸಬೇಕಂತೆ."

"ತಿಂಗಳುಗಟ್ಟಲೆಯಾ! ನಿನ್ನೆಯ ಸಾರನ್ನೇ ಎಮ್ಮೆಗೆ ಹಾಕೋ ಮನೆ ಇದು."

ಇಷ್ಟನ್ನೂ ಕಳೆದ ಮೇಲೆ ಪೂರ್ವದೇಶಗಳ ಅಡುಗೆಯಲ್ಲಿ ಉಳಿದದ್ದು ಸೊಪ್ಪು, ಬೀನ್ಸು, ಮಣ್ಣಿನ ಮೇಲೆ ಮೂತಿ ತೋರಿಸಿದ ಎಳೆಬಿದಿರಿನ ಕಳಲೆ ಮತ್ತು ಆವಿ. ಕರಿ ರಸಕ್ಕೆ ಬದಲಾಗಿ ಹುರುಳಿ ಬೇಯಿಸಿದ ನೀರನ್ನು ಕಾಡಿಗೆಯಂತಾಗುವ ತನಕ ಕುದಿಸಿ ಇಳಿಸುವುದೆಂದು ಗೌಡರು ಸ್ವಂತ ಬುದ್ಧಿಯಿಂದ ಕಂಡುಹಿಡಿದರು.

"ಕಲಿಯುವ ತನಕ ಹಗಲು ನನ್ನ ಒಲೆ ಮುಟ್ಟಬೇಡಿ," ಎಂದರು ಜಿನಮತಮ್ಮ. "ಹೊತ್ತು ಮುಳುಗಿದ ಮೇಲೆ ಒಲೆ ಖಾಲಿ. ಹುಳು ಬೀಳದ ಹಾಗೆ ಮುಚ್ಚಿಟ್ಟು ಏನು ಬೇಕಾದ್ರೂ ಕುದಿಸಿ. ಬಾಯಿಗೆ ಮಾತ್ರ ಒಂದು ಹನಿಯೂ ಹೋಗಕೂಡದು."

ಜಗತ್ತಿನ ಪಾಕಶಾಸ್ತ್ರದ ಚರಿತ್ರೆಯಲ್ಲಿ ರುಚಿ ನೋಡದೆ ಅಡುಗೆ ಕಲಿತ ಮೊದಲ ವಿದ್ಯಾರ್ಥಿ ಗೌಡರೇ ಇರಬೇಕು. ಪ್ರತಿ ಸಂಜೆ ಅವರು ಬೇಯಿಸಿದ್ದೆಲ್ಲ ಎಮ್ಮೆಗೆ ಹೋಯಿತು. ಕೆಲವೇ ದಿನಗಳಲ್ಲಿ ಎಮ್ಮೆಯ ಮೈ ಕನ್ನಡಿಯಂತಾಯಿತು, ನಡಿಗೆ ಚುರುಕಾಯಿತು. ಗೌಡರ ಹೊಟ್ಟೆ ಇದ್ದಲ್ಲೇ ಇತ್ತು.

ಈಗ ಎದುರಂಗಡಿಯಿಂದ ನೋಡೋಣ. ಸಂಜೆ ಕಳೆದ ಮೇಲೆ ಜೈನರ ಮನೆಯ ಹಂಚಿನ ಸಂದಿಯಿಂದ ಹೊಗೆ ಏಳುವುದನ್ನು ಶಿವನಂಜಪ್ಪ ತನ್ನ ಜೀವಮಾನದಲ್ಲಿ ಕಂಡವನಲ್ಲ. ಆ ಮನೆಯ ಒಲೆ ಹೊತ್ತಿನ ಜೊತೆಗೇ ಆರುತ್ತಿತ್ತು. ಅದನ್ನು ನೋಡಿಕೊಂಡೇ ಅವನು ಅಂಗಡಿಯ ದೀಪ ಹಚ್ಚುತ್ತಿದ್ದ. ಈಗ ಹೊಗೆ, ಹೆಚ್ಚುವ ಸದ್ದು, ಪಾತ್ರೆಯ ಸದ್ದು. ಮನೆಯವರಂತೂ ಉಂಡಾಗಿದೆ. ಹಾಗಾದರೆ ಕತ್ತಲಾದ ಮೇಲೆ ಉಣ್ಣುವವರು ಯಾರು?

ಬೆಳಿಗ್ಗೆ ಗೌಡರನ್ನೇ ಕೇಳಿದ. "ಮನೆಗೆ ನೆಂಟರು ಬಂದವ್ರಾ ಗೌಡ್ರೇ?"

"ಇಲ್ಲವಲ್ಲ."

"ಮತ್ತೆ ರಾತ್ರಿಯ ಅಡುಗೆ ಯಾರಿಗೆ?"

ಎಮ್ಮೆಗೆ ಎಂದು ಊರಿನ ನಡುವೆ ನಿಂತು ಹೇಳುವುದು ಹೇಗೆ? "ನೋಡೋಣ," ಎಂದು ಗೌಡರು ನಡೆದುಬಿಟ್ಟರು.

ನೋಡಬೇಕಾದ್ದನ್ನೆಲ್ಲ ಶಿವನಂಜಪ್ಪನೇ ನೋಡಿದ. ಚಾತಿ ಮುಚ್ಚಳದ ಬಿದಿರ ಬುಟ್ಟಿಗಳನ್ನು ನೇಯ್ದು ಒಂದರ ಮೇಲೊಂದು ಪೇರಿಸಿ ತಂದ. ಬಿದಿರನ್ನು ಸೀಳಿ ನಯವಾದ, ಚೂಪಾದ ಕಡ್ಡಿಗಳ ಕಟ್ಟು ತಂದ. ದಿನವೂ ಮುಚ್ಚಿದ ಬುಟ್ಟಿಯೊಂದಿಗೆ ಕಾಡಿಗೂ ಗೌಡರ ಹಿತ್ತಲಿಗೂ ಓಡಾಡಿದ. ಬುಟ್ಟಿಯಲ್ಲಿದ್ದದ್ದು ಕಾಡಿನಿಂದ ಬರುವ ಕಳಲೆ. ಶಿವನಂಜಪ್ಪನ ಲೆಕ್ಕದಲ್ಲಿ ಅದು ಕಾಡಿಗೆ ಹೋಗುವ ಊಟ. ಒಂದೇ ಬುಟ್ಟಿ, ದಿಕ್ಕು ಮಾತ್ರ ತಿರುವುಮುರುವು. ಜಮೀನುದಾರನೊಬ್ಬ ಕಾಡಿನಲ್ಲಿ ಅಡಗಿದವರಿಗೆ ಚೀನಾದ ರೀತಿಯಲ್ಲಿ ಊಟ ಕಳಿಸುತ್ತಿದ್ದಾನೆ! ಈ ರಹಸ್ಯವನ್ನು ಅವನು ತನ್ನಲ್ಲೇ ಇಟ್ಟುಕೊಂಡ. ಸಾಮಾನು ಕೊಳ್ಳಲು ಬಂದವರಿಗೆ ಮಾತ್ರ ಹೇಳಿದ.

ಸುದ್ದಿ ಕೇಣಿಚಿರ ಮುಟ್ಟಿದ ಮಧ್ಯಾಹ್ನವೇ ಜಿನಚಂದ್ರರು ಬಾಡಿಗೆ ಜೀಪಿನಲ್ಲಿ ಬಂದಿಳಿದರು. ಕುಡಿಯಲು ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ಭಾವಾ, ನಿಜ ಹೇಳಿ. ರಾತ್ರಿ ಯಾರಿಗೆ ಊಟ ಹಾಕ್ತಿದ್ದೀರಿ?"

ಹೆಂಡತಿಯ ಅಣ್ಣನ ಮುಂದೆ ಗೌಡರು ನಾಚಿಕೆ ಬಿಟ್ಟರು. "ಎಮ್ಮೆಗೆ."

ಜಿನಚಂದ್ರರು ಬಾಗಿಲು ಮುಚ್ಚಿ ಬಂದರು. "ಎಮ್ಮೆ ಅಂದ್ರೆ ಅವರ ನಾಯಕನಾ?"

"ಎಮ್ಮೆ ಅಂದ್ರೆ ಎಮ್ಮೆ. ಕೊಟ್ಟಿಗೆಯಲ್ಲಿದೆ, ಬೇಕಾದ್ರೆ ನೋಡಿ."

"ಕೊಟ್ಟಿಗೆಯಲ್ಲೇ ಇಟ್ಟಿದ್ದೀರಾ!" ಜಿನಚಂದ್ರರು ಕುರ್ಚಿಯ ತುದಿಗೆ ಸರಿದರು. "ಇದನ್ನೆಲ್ಲ ಕಲಿತದ್ದೆಲ್ಲಿ?"

"ಕಲ್ಲಿಕೋಟೆಯ ಲಾಡ್ಜಿನಲ್ಲಿ. ಚೀನಾ ಕಣ್ಣಾರೆ ಕಂಡುಬಂದ ಒಬ್ಬ ಮಹಾನುಭಾವ ಕಲಿಸಿದ. ನೀವೂ ಒಂದು ಸಲ ಮಾಡಿ ನೋಡಿ ಭಾವಾ. ಒಂದು ತಿಂಗಳಲ್ಲಿ ಮೈಯ ಭಾರವೆಲ್ಲ ಇಳಿದುಹೋಗುತ್ತೆ."

ಇಳಿದುಹೋಗುವುದು ತನ್ನ ತಲೆಯೇ ಇರಬೇಕೆಂದು ಬಗೆದ ಜಿನಚಂದ್ರರು ಜೀಪು ಹತ್ತಿಯೇ ಉಸಿರು ಬಿಟ್ಟರು. ಹೋಗುವಾಗ ತಂಗಿಗೆ ಕೂಗಿ ಹೇಳಿದ್ದು ಇಷ್ಟು: "ಜಿನಮತಿ, ಕೊಯ್ಲಾದ ಕೂಡಲೇ ಆ ಚಾತಿಯ ಗುಡಿಸಲು ಕೀಳಿಸ್ತೀನಿ! ಬುಟ್ಟಿ ಹೊರೋನು ಅವನೇ, ಭಾವನ ತಲೆ ಕೆಡಿಸಿದೋನೂ ಅವನೇ!"

ಹಿತ್ತಲಿನಲ್ಲಿ ಕಳಲೆ ಸುಲಿಯುತ್ತಿದ್ದ ಚಾತಿಯ ಕೈ ನಿಂತಿತು. ಆ ಸಂಜೆ ಗದ್ದೆಯ ಆಳುಗಳೆಲ್ಲ ಅವನನ್ನು ಮುತ್ತಿಕೊಂಡು, "ಗೌಡ್ರು ಆ ಕಡೆ ಸೇರಿದ್ದು ಹೌದಾ? ಹಾಗಾದ್ರೆ ನೆಲ ಹಂಚ್ತಾರಾ?" ಎಂದು ಕೇಳಿದರು.

"ಯಾವ ಕಡೆ ಸೇರಿದ್ರೋ ನಾನರಿಯೆ," ಎಂದ ಚಾತಿ. "ಕಳಲೆ ಮಾತ್ರ ಸಣ್ಣಗೆ ಹೆಚ್ತಾರೆ. ಇರೋ ಗುಡಿಸಲು ಉಳಿದ್ರೆ ಸಾಕು ನಂಗೆ."

ಜಿನಮತಮ್ಮ ಇದನ್ನು ಕೇಳಿಸಿಕೊಂಡರು. ಮರುದಿನ ಗಂಡನಿಗೆ ಹಗಲಿನ ಒಲೆ ಬಿಟ್ಟುಕೊಟ್ಟರು. "ರಾತ್ರಿಯ ಹೊಗೆ ಸಾಕು. ಇವತ್ತು ಸಂಜೆಯ ಊಟ ನಿಮ್ಮದೇ. ಮಾಡಿ, ಉಂಡು, ಮುಗಿಸಿ."

ಗೌಡರು ಮಧ್ಯಾಹ್ನದಿಂದ ಉಪವಾಸವಿದ್ದು ಪಂಚೆ ಎತ್ತಿ ಕಟ್ಟಿ ನಿಂತರು. ಬುಟ್ಟಿಗಳನ್ನು ಪೇರಿಸಿ, ಬಾಳೆಯ ನಾರಿನಿಂದ ಬಿಗಿದು, ಕುದಿಯುವ ಹಂಡೆಯ ಮೇಲೆ ಕೂರಿಸಿದರು. ಸಂದಿಗಳಿಂದ ಆವಿ ಬುಸುಗುಟ್ಟತೊಡಗಿತು. ಸರಿಯಾಗಿ ಆ ಗಳಿಗೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ದಾಮೋದರನ್ ಪೇದೆಗಳ ಸಮೇತ ಅಡುಗೆಮನೆ ಹೊಕ್ಕರು. ಹಿಂದೆ ಶಿವನಂಜಪ್ಪ, ಅವನ ಹಿಂದೆ ಊರು.

"ಯಾರೂ ಅಲ್ಲಾಡಬೇಡಿ! ಅದೇನದು?"

"ಬುಟ್ಟಿ ಸಾರೇ."

"ಯಾಕೆ ಕಟ್ಟಿದ್ದೀರಿ?"

"ಕಟ್ಟದಿದ್ರೆ ಮುಚ್ಚಳ ಹಾರುತ್ತೆ."

ಪೇದೆಗಳೆಲ್ಲ ಒಟ್ಟಿಗೆ ಅಂಗಳಕ್ಕೆ ಹಾರಿದರು. ದಾಮೋದರನ್ ಅಧಿಕಾರಿಯಾದ್ದರಿಂದ ನಿಧಾನವಾಗಿ ಹಾರಿದರು. ಮುಂದಿನ ವಿಚಾರಣೆ ಕಿಟಕಿಯ ಮೂಲಕ ನಡೆಯಿತು.

"ಗೌಡರೇ, ಆ ಬಾಟಲಿಯಲ್ಲಿ ಕಪ್ಪಗಿರೋದೇನು?"

"ಹುರುಳಿ ನೀರು."

"ಚೂಪು ಕಡ್ಡಿಗಳು?"

"ತಿನ್ನೋಕೆ."

"ಕಡ್ಡಿ ತಿಂತೀರಾ?"

"ಕಡ್ಡಿಯಿಂದ ತಿನ್ನೋಕೆ. ಚೀನಾದಲ್ಲಿ ಎಲ್ಲರೂ ಹಾಗೇ."

ಚೀನಾ ಎಂಬ ಮಾತು ಬಿದ್ದದ್ದೇ ಶಿವನಂಜಪ್ಪ, "ಕೇಳಿದ್ರಾ ಸಾರೇ, ಕೇಳಿದ್ರಾ! ಬಾಯಿಬಿಟ್ಟೇಬಿಟ್ರು!" ಎಂದು ಕುಣಿದ.

"ಜೈನರು ರಾತ್ರಿ ಉಣ್ಣೋದಿಲ್ಲ. ಇದು ನನಗೂ ಗೊತ್ತು," ಎಂದರು ದಾಮೋದರನ್. "ನಿಮ್ಮ ಮನೆಯಲ್ಲಿ ರಾತ್ರಿ ಒಲೆ ಉರಿಯುತ್ತೆ. ಉಣ್ಣೋರು ಯಾರು? ಕಾಡಿಗೆ ಹೋಗೋ ಬುಟ್ಟಿಯಲ್ಲಿ ಏನು? ಇಲ್ಲಿ ಹೇಳ್ತೀರೋ, ಮಾನಂತವಾಡಿ ಠಾಣೆಯಲ್ಲಿ ಹೇಳ್ತೀರೋ?"

ಗೌಡರು ಪಡುವಣದ ಕಡೆ ನೋಡಿದರು. ಸೂರ್ಯ ಹೊಳೆಯಾಚೆಯ ಬಿದಿರ ಮೆಳೆಗಿಂತ ಬಹಳ ಮೇಲಿರಲಿಲ್ಲ. "ಉಂಡು ಬಂದು ಹೇಳಲಾ ಸಾರೇ? ಹೊತ್ತು ಹೋಗ್ತಿದೆ."

"ಜೀಪು ಹತ್ತಿ!"

"ಸಾರೇ," ಎಂದರು ಜಿನಮತಮ್ಮ, ಹೊಸಿಲಿನಿಂದಲೇ. "ಬುಟ್ಟಿ ಹೊತ್ತವನು ಅಲ್ಲೇ ಜಗಲಿಯ ಕೆಳಗೆ ನಿಂತಿದ್ದಾನೆ. ಅವನನ್ನು ಕೇಳದೆ ಇವರನ್ನು ಕರೆದೊಯ್ಯೋದು ಯಾವ ನ್ಯಾಯ?"

ಚಾತಿಯನ್ನು ಮುಂದೆ ತಂದರು. ಬುಟ್ಟಿ ಕಾಡಿಗೆ ಹೋಗುತ್ತದೆಂಬುದಕ್ಕೆ ಇವನು ಹೂಂ ಎಂದುಬಿಟ್ಟರೆ ಗೌಡರು ಜೀಪಿನಲ್ಲಿ, ಗುಡಿಸಲು ಜಿನಚಂದ್ರರ ಕೈಯಲ್ಲಿ.

"ಬುಟ್ಟಿಯಲ್ಲಿ ಏನು ಒಯ್ತೀಯ?"

"ಒಯ್ಯೋದಿಲ್ಲ ಸಾರೇ, ತರ್ತೀನಿ. ಕಳಲೆ. ಗೌಡ್ರು ಬೇಯಿಸ್ತಾರೆ, ಎಮ್ಮೆ ತಿನ್ನುತ್ತೆ. ಎಮ್ಮೆಯ ಮೈ ನೋಡಿ, ಗೊತ್ತಾಗುತ್ತೆ."

"ಇವರು ಆ ಕಡೆ ಸೇರಿದ್ದಾರೋ ಇಲ್ಲವೋ?"

ಚಾತಿ ತಲೆ ಕೆರೆದುಕೊಂಡ. "ಆ ಕಡೆಯವ್ರು ಎಂತ ಮಾಡ್ತಾರೆ ಸಾರೇ?"

"ಇರೋರ ಜಮೀನು ಕಿತ್ತು ಇಲ್ಲದೋರಿಗೆ ಹಂಚ್ತಾರೆ."

"ಹಾಂ! ನನ್ನಪ್ಪ ಇವರಪ್ಪನ ಗದ್ದೆ ಉತ್ತ. ನಾನು ಇವರದ್ದು ಉತ್ತೆ. ನನ್ನ ಗುಡಿಸಲಿನ ಅಡಿಯ ನೆಲ ಎಷ್ಟಿದೆ? ಆ ಎಮ್ಮೆ ಮಲಗಿದ್ರೆ ಬಾಲ ಹೊರಗೆ ಬೀಳುತ್ತೆ. ಅಷ್ಟನ್ನೇ ಕೇಳ್ತಾ ಬಂದಿದ್ದೀನಿ. ಎಂತ ಹೇಳ್ತಾರೆ, ನೀವೇ ಕೇಳಿ."

ದಾಮೋದರನ್ ತಿರುಗಿದರು. "ಏನು ಹೇಳ್ತೀರಿ ಗೌಡರೇ?"

ಗೌಡರು ಯೋಚಿಸಲಿಲ್ಲ. ಬಾಯಿ ತಾನಾಗಿ ಆಡಿತು: "ನೋಡೋಣ."

"ಕೇಳಿದ್ರಲ್ಲ ಸಾರೇ!" ಎಂದ ಚಾತಿ. "ಇಂಥೋರು ಸೇರಿದ್ರೆ ಆ ಕಡೆಯ ಅಂಗಡಿ ವಾರದಲ್ಲಿ ಬಾಗಿಲು ಹಾಕುತ್ತೆ!"

ಮೊದಲು ನಕ್ಕದ್ದು ಪೇದೆಗಳು. ಆಮೇಲೆ ಊರು. ಕೊನೆಗೆ ದಾಮೋದರನ್ ಎಷ್ಟು ನಕ್ಕರೆಂದರೆ ಟೊಪ್ಪಿ ಉರುಳಿ ತುಳಸಿಯ ಬುಡಕ್ಕೆ ಹೋಯಿತು. ಅಜಿತಪ್ರಸಾದ ಗೌಡರು ನಿರಪರಾಧಿ ಎಂಬುದು ಹೀಗೆ ಅವರ ಜಿಪುಣತನದಿಂದಲೇ ಸಾಬೀತಾಯಿತು. ಸಾಕ್ಷ್ಯ ಪೂರ್ತಿಯಾಗಲೆಂದು ದಾಮೋದರನ್ ಒಳಗೆ ಬಂದು ಬುಟ್ಟಿಯಿಂದ ಒಂದು ತುಂಡು ಕಳಲೆ ತೆಗೆದು, ಕಪ್ಪು ರಸದಲ್ಲಿ ಅದ್ದಿ ಬಾಯಿಗಿಟ್ಟರು. ಅಗಿದರು. ಕಣ್ಣು ಮುಚ್ಚಿದರು. ಮತ್ತೂ ಅಗಿದರು.

"ಇದನ್ನು ತಿಂದುಕೊಂಡು ಕಾಡಿನಲ್ಲಿ ಯಾರೂ ಇರಲಾರರು," ಎಂದು ತೀರ್ಪು ಕೊಟ್ಟು ಜೀಪು ಹತ್ತಿದರು. ಗೌಡರು ಅದನ್ನು ಹೊಗಳಿಕೆಯೆಂದೇ ತಿಳಿದರು.

ಊರು ಚದುರಿತು. ಗೌಡರು ಕೈಕಾಲು ತೊಳೆದು ಮಣೆಯ ಮೇಲೆ ಕುಳಿತರು. ಹೊಟ್ಟೆ ಹಸಿವಿನಿಂದ ಕೂಗುತ್ತಿತ್ತು. ಜಿನಮತಮ್ಮ ಬುಟ್ಟಿಯ ಮುಚ್ಚಳದ ಮೇಲೆ ಕೈಯಿಟ್ಟು ನಿಂತರು.

"ಚಾತಿ ಇವತ್ತು ನಿಮ್ಮನ್ನ ಉಳಿಸಿದ. ಅವನಿಗೇನು ಹೇಳ್ತೀರಿ?"

"ನೋಡೋಣ."

"ನೋಡಿ," ಎಂದು ಅವರು ಕಿಟಕಿಯ ಕಡೆ ಕೈತೋರಿದರು. ಸೂರ್ಯ ಬಿದಿರ ಮೆಳೆಯ ತುದಿಗೆ ಬಂದಿದ್ದ. "ನಿಧಾನವಾಗಿ ನೋಡಿ. ಅದು ಇಳಿದ ಮೇಲೆ ನಾಳೆಯೇ ಊಟ."

ಗೌಡರು ಸೂರ್ಯನನ್ನು ನೋಡಿದರು, ಬುಟ್ಟಿಯನ್ನು ನೋಡಿದರು, ಜಗಲಿಯ ಕೆಳಗೆ ಕುಕ್ಕುರು ಕುಳಿತ ಚಾತಿಯನ್ನು ನೋಡಿದರು. ಕಿವಿಯಲ್ಲಿ ಇನ್ನೂ ಊರಿನ ನಗು ಇತ್ತು. ಕೊನೆಗೆ ತಗ್ಗಿದ ದನಿಯಲ್ಲಿ ಹೇಳಿದರು: "ಕೊಡಬಾರದು ಅಂತಲ್ಲ ಕಣೇ. ಈಗ ಕೊಟ್ಟರೆ ಅವರು ತಿರುಗಿ ಬರ್ತಾರೆ! ಕೊಡದವನು ಅಂತ ತಾನೇ ಬಿಟ್ಟುಹೋಗಿದ್ದು? ಜೀಪು ತಿರುವು ದಾಟಲಿ."

ಮಾತು ನ್ಯಾಯವಾದದ್ದೇ. ಆದರೆ ಜೀಪು ತಿರುವು ದಾಟುತ್ತಿರಲಿಲ್ಲ. ಭಾದ್ರಪದದ ಕೆಸರಿನಲ್ಲಿ ಹಿಂದಿನ ಚಕ್ರ ಹೂತು, ಎಂಜಿನ್ನು ಊಳಿಡುತ್ತಿತ್ತು. ಪೇದೆಗಳ "ಏಲೈಸಾ" ಅಡುಗೆಮನೆಗೆ ಕೇಳುತ್ತಿತ್ತು. ಸೂರ್ಯ ಮೆಳೆಯೊಳಗೆ ಅರ್ಧ ಇಳಿದ.

ಚಾತಿ ಎದ್ದವನೇ ಓಡಿದ. ದಾರಿಯಲ್ಲಿ ಗದ್ದೆಯ ಆಳುಗಳನ್ನು ಕೂಗಿದ, ಅಂಗಡಿ ಮುಚ್ಚುತ್ತಿದ್ದ ಶಿವನಂಜಪ್ಪನನ್ನೂ ರಟ್ಟೆ ಹಿಡಿದು ಎಳೆದೊಯ್ದ. ಕಬಿನಿಯ ದಡದಲ್ಲಿ ಪೊಲೀಸು ಜೀಪನ್ನು ಅಷ್ಟು ಪ್ರೀತಿಯಿಂದ ತಳ್ಳಿದವರು ಹಿಂದೆ ಯಾರೂ ಇರಲಿಲ್ಲ. "ನೀವೆಲ್ಲ ಎಷ್ಟು ಒಳ್ಳೆಯವರಪ್ಪಾ!" ಎಂದು ದಾಮೋದರನ್ ಗದ್ಗದಿತರಾದರೆಂದು ಬಾವಲಿಯ ಪಾಠ ಹೇಳುತ್ತದೆ. ಜೀಪು ಕೆಸರಿನಿಂದ ಎದ್ದು, ಶಿವನಂಜಪ್ಪನ ಬಿಳಿ ಅಂಗಿಯ ಮೇಲೆ ಅಷ್ಟೂ ಕೆಸರನ್ನು ಬಿಟ್ಟು, ತಿರುವು ದಾಟಿತು.

"ದಾಟ್ತು ಗೌಡ್ರೇ! ದಾಟ್ತು!" ಚಾತಿ ಗದ್ದೆಯ ಬದುವಿನ ಮೇಲೆ ಕೂಗುತ್ತ ಬಂದ.

ಸೂರ್ಯನದು ಒಂದು ಉಗುರಿನಷ್ಟು ಉಳಿದಿತ್ತು.

"ಆಗಲಿ!" ಎಂದು ಕಿರುಚಿದರು ಗೌಡರು. "ಗುಡಿಸಲಿನ ನೆಲ ನಿಂದೇ! ಬಡಿಸೇ!"

ಮುಚ್ಚಳ ತೆರೆಯಿತು. ಕಡ್ಡಿಗಳನ್ನು ಹುಡುಕುವ ವ್ಯವಧಾನ ಯಾರಿಗಿತ್ತು! ಗೌಡರು ಐದೂ ಬೆರಳಿನಿಂದ ಎತ್ತಿ ಬಾಯಿ ತುಂಬಿಕೊಂಡರು.

"ಹಾಗಾದ್ರೆ ಗಡಿಕಲ್ಲು ನೆಟ್ಟುಬಿಡಲಾ ಗೌಡ್ರೇ?" ಎಂದ ಚಾತಿ, ಏದುಸಿರಿನಲ್ಲಿ. "ಗುಡಿಸಲಿನ ಹಿಂದೆ ಸ್ವಲ್ಪ ಹಿತ್ತಲೂ ಸೇರಿಸಿ? ಬೇಡ ಅಂದ್ರೆ ಬೇಡ ಅನ್ನಿ."

ಗೌಡರ ಕಣ್ಣು ಅಗಲವಾಯಿತು. ಹಿತ್ತಲಿನ ಮಾತು ಒಪ್ಪಂದದಲ್ಲಿ ಇರಲಿಲ್ಲ. ಆದರೆ ತಟ್ಟೆಗೆ ಕೈಯಿಟ್ಟಾಗಿತ್ತು. ಉಂಡು ಏಳುವ ತನಕ ಮೌನ. ಅವರು ಅವಸರದಿಂದ ಅಗಿದರು. ಆವಿಯನ್ನು ಕಂಡದ್ದಷ್ಟೇ ಹೊರತು ಬೇಯದ ಕಳಲೆ ಅದು, ಎಷ್ಟು ಅಗಿದರೂ ಮುಗಿಯಲಿಲ್ಲ. ಕಿಟಕಿಯಾಚೆ ಚಾತಿಯೂ ಅವನ ಮಂದಿಯೂ ಕಲ್ಲು ಹೊತ್ತು ಓಡುವುದು ಕಾಣುತ್ತಿತ್ತು. ಮೊದಲ ಕಲ್ಲು ಹಲಸಿನ ಬುಡದಲ್ಲಿ ನಿಂತಿತು. ಗೌಡರು ಅಗಿದರು. ಇನ್ನೊಂದು ಹೊಳೆಯ ಅಂಚಿಗೆ ಹೋಯಿತು. ಗೌಡರು ಇನ್ನೂ ಜೋರಾಗಿ ಅಗಿದರು. ಜಿನಮತಮ್ಮ ಮೆಲ್ಲನೆ ಬಂದು ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು. ತಟ್ಟೆಯಲ್ಲಿ ಅನ್ನ ಬಿಡುವುದೂ ಆ ಮನೆಯಲ್ಲಿ ಇರಲಿಲ್ಲ.

ಕೊನೆಯ ಕಲ್ಲು ನೆಲಕ್ಕೆ ಕೂತ ಸದ್ದೂ ಗೌಡರು ಕೊನೆಯ ತುತ್ತು ನುಂಗಿದ ಸದ್ದೂ ಒಟ್ಟಿಗೇ ಕೇಳಿದವಂತೆ. ಅದರ ಬೆನ್ನಿಗೇ ಸೂರ್ಯ ಮುಳುಗಿದ. ಗೌಡರು ಕೈ ತೊಳೆದರು, ಜಗಲಿಗೆ ಬಂದರು. ಕೆಸರು ಮೆತ್ತಿದ ಚಾತಿ ಕೈಕಟ್ಟಿ ನಿಂತಿದ್ದ. ಊರೆಲ್ಲ ಅವರ ಬಾಯಿಯನ್ನೇ ನೋಡುತ್ತಿತ್ತು. ಆ ಬಾಯಿ ತೆರೆಯಿತು, ಒಂದು ಸಲ ಮುಚ್ಚಿತು, ಮತ್ತೆ ತೆರೆಯಿತು.

ಮೂರೂ ಪಾಠಗಳು ಒಪ್ಪುವ ಮಾತು ಇದು:

"ಜಿನಮತಿ, ಉಪ್ಪೇ ಹಾಕಿಲ್ಲವಲ್ಲೇ."